ಎಂಟೂವರೆಯ ಅಂಕಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಬಟ್ಟೆಯ ವಿಷಯಕ್ಕೆ ಆ ಫೋನು ಬಂದದ್ದು ಮಂಗಳವಾರವೋ ಬುಧವಾರವೋ ಈಗ ಖಚಿತವಾಗಿ ಹೇಳಲಾರೆ. ನನ್ನ ದಿನಚರಿಯಲ್ಲಿ ಆ ವಾರದ ಪುಟಗಳೆಲ್ಲ ಒಂದೇ ಶಾಯಿಯಲ್ಲಿ, ಒಂದೇ ಓಟದಲ್ಲಿವೆ. ಅಂದರೆ ಒಂದೇ ಸಲ ಕೂತು ನೆನಪಿನಿಂದ ತುಂಬಿದ್ದೇನೆ. ಮೊದಲಾಗಿದ್ದರೆ ಇಂಥ ಅನುಮಾನ ಬಂದಾಗ ಧಾರವಾಡದ ಮಾಳಮಡ್ಡಿಯ ತವರಿಗೆ ಹೋಗಿ ಅಪ್ಪನ ಮಳೆ ಪುಸ್ತಕ ತೆಗೆದು ನೋಡುತ್ತಿದ್ದೆ. ಯಾವ ದಿನ ಮಳೆಯಾಗಿತ್ತು, ಯಾವ ದಿನ ಇಲ್ಲ ಎಂಬುದು ತಿಳಿದರೆ ಉಳಿದದ್ದು ತಾನಾಗಿ ನೆನಪಾಗುತ್ತಿತ್ತು. ಈಗ ಹಾಗೆ ಮಾಡಲಾರೆ. ಯಾಕೆಂಬುದನ್ನು, ಇನ್ನಷ್ಟು ಮರೆಯುವ ಮೊದಲು, ಬರೆದಿಡುತ್ತಿದ್ದೇನೆ.

ನಾನು ಹುಬ್ಬಳ್ಳಿಯ ಒಂದು ಸುದ್ದಿವಾಹಿನಿಯಲ್ಲಿ ಸಂಜೆಯ ಹವಾಮಾನ ವರದಿ ಹೇಳುವವಳು. ವಿಜ್ಞಾನಿಯಲ್ಲ, ಭೂಗೋಳದ ಎಂ.ಎ. ಮುನ್ಸೂಚನೆ ಇಲಾಖೆಯದು, ಮುಖ ನನ್ನದು. ಮಧ್ಯಾಹ್ನ ಇಲಾಖೆಯ ಪ್ರಕಟಣೆ ಬರುತ್ತದೆ. ಧಾರವಾಡ ಜಿಲ್ಲೆಗೆ ಅದರಲ್ಲಿ ಒಂದು ಸಾಲು. 'ಅಲ್ಲಲ್ಲಿ' ಎಂದರೆ ತೀರ ಕೆಲವು ಕಡೆ, 'ಕೆಲವೆಡೆ' ಎಂದರೆ ಅದಕ್ಕಿಂತ ಹೆಚ್ಚು, 'ಹಲವೆಡೆ' ಎಂದರೆ ಇನ್ನೂ ಹೆಚ್ಚು. 'ಹಗುರ', 'ಸಾಧಾರಣ', 'ಭಾರಿ' ಎಂಬ ಪದಗಳಿಗೂ ಇಂತಿಷ್ಟರಿಂದ ಇಂತಿಷ್ಟು ಮಿಲಿಮೀಟರ್ ಎಂದು ಗೆರೆ ಹಾಕಿದ್ದಾರೆ. ಕೇಳುವವರಿಗೆ ಇವೆಲ್ಲ ಒಂದೇ. ಅವರಿಗೆ ಬೇಕಾದದ್ದು ಅವರ ಓಣಿ.

"ರೇನ್‌ಕೋಟ್ ಒಯ್ಯಲೇನು?" ಎಂದು ಬೆಳಿಗ್ಗೆ ನನ್ನ ಗಂಡ ಕೇಳುತ್ತಾರೆ.

"ಹಲವೆಡೆ ಸಾಧಾರಣ."

"ನಮ್ಮ ಆಫೀಸು ಆ ಹಲವೆಡ್ಯಾಗ ಬರ್ತದೇನು?"

ಈ ಮಾತಿಗೆ ಮೊದಲ ವರ್ಷ ನಗುತ್ತಿದ್ದೆ.

ಆ ಆಗಸ್ಟ್ ನನ್ನನ್ನು ಬಹಳ ದಣಿಸಿತು. ಮುಂಗಾರು ನಡುವೆ ನಿಂತುಬಿಟ್ಟಿತ್ತು. ಇಲಾಖೆಯ ಸಾಲು ಮಾತ್ರ ದಿನವೂ ಹೆಚ್ಚುಕಡಿಮೆ ಅದೇ. ನಾನು ದಿನವೂ ಅದನ್ನೇ ಬೇರೆ ಬೇರೆ ಕ್ರಿಯಾಪದ ಹಚ್ಚಿ ಬರೆಯುತ್ತಿದ್ದೆ: 'ಸುರಿಯಲಿದೆ', 'ಬೀಳುವ ಸಾಧ್ಯತೆ', 'ನಿರೀಕ್ಷಿಸಬಹುದು'. ಮಧ್ಯಾಹ್ನ ಹುಬ್ಬಳ್ಳಿ-ಧಾರವಾಡದ ನಡುವೆ ಇರುವ ನವನಗರದ ಮನೆಯಿಂದ ಬಸ್ಸು ಹತ್ತಿದರೆ ಹುಬ್ಬಳ್ಳಿ ಕಡೆ ಬಿಸಿಲು, ಧಾರವಾಡ ಕಡೆ ಕಪ್ಪು. ಸ್ಟುಡಿಯೋದಲ್ಲಿ ಹಸಿರು ಪರದೆಯ ಮುಂದೆ ನಿಂತು, ಅಲ್ಲಿ ಇಲ್ಲದ ನಕ್ಷೆಯ ಮೇಲೆ ಕೈಯಾಡಿಸಬೇಕು. ಎದುರಿನ ಚಿಕ್ಕ ಪರದೆ ನೋಡಿಕೊಂಡು ಬೀದರ ಎಲ್ಲಿ, ಕಾರವಾರ ಎಲ್ಲಿ ಎಂದು ಅಂದಾಜಿನ ಮೇಲೆ ತೋರಿಸಬೇಕು. ಹಸಿರು ಬಣ್ಣದ ಯಾವುದನ್ನೂ ಧರಿಸುವ ಹಾಗಿಲ್ಲ. ಶ್ರಾವಣದಲ್ಲಿ ಇದೊಂದು ಗೋಳು. ವೈನಿ, ಅಂದರೆ ನಮ್ಮ ಅಣ್ಣನ ಹೆಂಡತಿ, ಪ್ರತಿ ವರ್ಷ ಹಸಿರು ಬಳೆ ತೊಡಿಸಿ ಕಳಿಸುತ್ತಾಳೆ. ಮೊದಲ ಸಲ ಹಾಗೇ ನಿಂತಿದ್ದೆ. ಪರದೆಯ ಮೇಲೆ ನನ್ನ ಮುಂಗೈ ಮಾಯವಾಗಿ ಅಲ್ಲಿ ರಾಯಚೂರು ಕಾಣುತ್ತಿತ್ತು. ಅಂದಿನಿಂದ ದಿನವೂ ಸಂಜೆ ಹನ್ನೆರಡೂ ಬಳೆ ಬಿಚ್ಚಿ ಮೇಜಿನ ಮೇಲಿಡುವುದು, ಕೆಲಸ ಮುಗಿದ ಮೇಲೆ ಮತ್ತೆ ಏರಿಸುವುದು.

ಈ ಎಲ್ಲದರ ನಡುವೆ ನನ್ನ ವರದಿಯಲ್ಲಿ ನನ್ನದು ಎನ್ನುವಂಥದ್ದು ಒಂದೇ ಇತ್ತು: 'ಮಾಳಿಗೆಯ ಮಳೆ'. ಅಪ್ಪ ಮಾಳಮಡ್ಡಿಯ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಮನೆಯ ಮಾಳಿಗೆಯ ಮೇಲೆ, ಗೋಡೆಗಳಿಂದ ದೂರದಲ್ಲಿ, ಒಂದು ಮಳೆಮಾಪಕ ಇಟ್ಟಿದ್ದಾರೆ. ಮೇಲೆ ಹಿತ್ತಾಳೆ ಅಂಚಿನ ಆಲಿಕೆ, ಒಳಗೆ ಬಾಟಲಿ, ಅಳೆಯಲು ಗೆರೆ ಕೊರೆದ ಗಾಜು. ಬೆಳಿಗ್ಗೆ ಎಂಟೂವರೆಗೆ ಬಾಟಲಿಯ ನೀರನ್ನು ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ನೀರಿನ ಬಾಗಿದ ಮೈಯ ಕೆಳ ಅಂಚನ್ನು ಓದಬೇಕು. ಹಿಂದಿನ ದಿನದ ಎಂಟೂವರೆಯಿಂದ ಈ ಹೊತ್ತಿನ ತನಕ ಬಿದ್ದದ್ದೆಲ್ಲ ಇಂದಿನ ತಾರೀಖಿಗೆ ಜಮೆ. ಅಪ್ಪ ಅದನ್ನು ಉದ್ದನೆಯ ರಟ್ಟಿನ ಪುಸ್ತಕದಲ್ಲಿ ಬರೆಯುತ್ತಾರೆ. ಮಳೆ ಇಲ್ಲದ ದಿನ ಸೊನ್ನೆ. ನಾನು ಹುಟ್ಟುವ ಮೊದಲಿನಿಂದ ನಡೆದುಬಂದ ಪುಸ್ತಕಗಳು ಅವು, ಅಂದಿನ ತನಕ ಒಂದೂ ಮನೆ, ಅಂದರೆ ತಾರೀಖಿನ ಚೌಕ, ಖಾಲಿ ಇರಲಿಲ್ಲ.

ಎಂಟು ನಲವತ್ತಕ್ಕೆ ಅಪ್ಪನ ಫೋನು. ನಾನು ಮಗಳ ಡಬ್ಬಿಗೆ ಚಪಾತಿ ಸುತ್ತುತ್ತಿರುತ್ತೇನೆ.

"ಬರಕೊ. ಹನ್ನೆರಡು ಪಾಯಿಂಟ್ ನಾಲ್ಕು."

"ಬರಕೊಂಡೆ ಅಪ್ಪಾ."

"ಪಾಯಿಂಟ್ ಮರೀಬ್ಯಾಡ. ಪಾಯಿಂಟಿನಾಗ ಇರ್ತದ ನೋಡು ಮಾಸ್ತರಿಕಿ."

ಸಂಜೆ ವರದಿಯ ಕೊನೆಗೆ 'ಮನೆಯಲ್ಲಿ ಅಳೆದದ್ದು' ಎಂಬ ಪಟ್ಟಿಯೊಂದಿಗೆ ಆ ಅಂಕಿ ಹೋಗುತ್ತಿತ್ತು. ಜನ ಇಷ್ಟಪಟ್ಟರು. ಅಪ್ಪ ಕಲಿಸಿದ ಶಾಲೆಯ ಈಗಿನ ಭೂಗೋಳ ಶಿಕ್ಷಕಿ ತನ್ನ ಹುಡುಗಿಯರಿಂದ ಅದರ ಗ್ರಾಫ್ ಬರೆಸುತ್ತಿದ್ದಳು. ಇದನ್ನು ನೋಡಿ ನಮ್ಮ ಪ್ರೊಡ್ಯೂಸರ್, ಹಳೇ ಹುಬ್ಬಳ್ಳಿಯ ಮನುಷ್ಯ, ಅಪ್ಪನ ಮೇಲೆ ಅರ್ಧ ಗಂಟೆಯ ಕಾರ್ಯಕ್ರಮ ಮಾಡಲು ಹೊರಟರು. ಮುಂದಿನ ಸೋಮವಾರ ಎಂಟೂವರೆಗೆ ಕ್ಯಾಮೆರಾ ಮಾಳಿಗೆಯ ಮೇಲೆ ಇರಬೇಕು ಎಂದು ನಿಶ್ಚಯವಾಯಿತು.

ಆ ವಾರವೇ, ಮಂಗಳವಾರವೋ ಬುಧವಾರವೋ, ಕಚೇರಿಗೆ ಒಂದು ಫೋನು ಬಂತು. ಮಾಳಮಡ್ಡಿಯಿಂದ ಒಬ್ಬ ಹೆಂಗಸು. ವಯಸ್ಸಾದ ದನಿ, ಜಗಳದ ಮನಸ್ಸಿಲ್ಲ.

"ಏನ್ರಿ, ನಿನ್ನೆ ನೀವು ನಮ್ಮ ಮಾಳಮಡ್ಡ್ಯಾಗ ಹನ್ನೆರಡು ಮಿಲಿಮೀಟರ್ ಮಳಿ ಆತು ಅಂದ್ರಿ?"

"ಹೌದ್ರಿ."

"ನಮ್ಮ ಹಗ್ಗದ ಮ್ಯಾಲೆ ಎರಡು ದಿನದ್ದು ಅರಬಿ ಹಂಗ ಅವ. ನಾ ತಗೀಲೇ ಇಲ್ಲ, ಮೈಯಾಗ ಆರಾಮ ಇರಲಿಲ್ಲ. ಒಂದು ಕರವಸ್ತ್ರ ಸುದ್ದಾ ತೊಯ್ದಿಲ್ರಿ. ನಿಮ್ಮ ತಂದಿಯವರ ಮನಿ ನಮ್ಮಿಂದ ಎರಡು ಓಣಿ ಆಚೆ. ಮಳಿ ಅಷ್ಟು ಹೊಂದಿಸಿಕೊಂಡು ಅವರ ಮನಿ ಮ್ಯಾಲಷ್ಟ ಬಿತ್ತೇನ್ರಿ?"

ಪ್ರೊಡ್ಯೂಸರ್‌ಗೆ ಹೇಳಿದೆ. ಅವರು ನಕ್ಕರು. "ಬಿಡ್ರಿ ಮೇಡಂ. ನಮ್ಮೂರಾಗ ರಸ್ತೆದ ಈ ಕಡೆ ಮಳಿ, ಆ ಕಡೆ ಧೂಳಾ ಇರತೈತಿ. ಬರೇ ಅರಬಿ ನೋಡಿ ಹವಾಮಾನ ಹೇಳಾಕ ಬರತೈತೇನು?"

ಆ ಮಾತು ಸುಳ್ಳಲ್ಲ. ಶ್ರಾವಣದಲ್ಲಿ ಎರಡು ಓಣಿಗಳ ನಡುವೆ ಅಷ್ಟು ವ್ಯತ್ಯಾಸ ಆಗಬಹುದು. ಆದರೆ ಒಬ್ಬರು ಎರಡು ದಿನ ಬಟ್ಟೆ ತೆಗೆಯದೆ ಹಗ್ಗದ ಮೇಲೇ ಬಿಟ್ಟಿದ್ದಾರೆ. ಅದೂ ಒಂದು ಮಾಪಕವೇ. ಆ ಸಂಜೆ ವರದಿಗೆ ಮುಂಚೆ ಮುಖಕ್ಕೆ ಪೌಡರ್ ಹಚ್ಚಿಸಿಕೊಳ್ಳುತ್ತ ಕೂತಾಗಲೂ ಆ ಕರವಸ್ತ್ರ ತಲೆಯಿಂದ ಹೋಗಲಿಲ್ಲ.

ಮರುದಿನ ಮುಂಜಾನೆ, ಹೇಳದೆ ಕೇಳದೆ, ಮಾಳಮಡ್ಡಿಗೆ ಹೋದೆ. ಅಣ್ಣ ಕೆಲಸಕ್ಕೆ ಹೋಗಿದ್ದ. ಅಪ್ಪ ಪಡಸಾಲೆಯಲ್ಲಿ ಬಿಳಿ ಅಂಗಿಯೊಂದನ್ನು ಮೊಣಕಾಲ ಮೇಲೆ ಹರಡಿಕೊಂಡು ಗುಂಡಿ ನೋಡುತ್ತಿದ್ದರು.

"ಏನವಾ, ವಾರದ ನಡುವ ಬಂದಿ? ರಜಾ ಏನು?"

"ಹಂಗ ಬಂದೆ."

"ಸೋಮವಾರಕ್ಕ ಇದ ಅಂಗಿ ಸಾಕಲ್ಲ? ಹಸಿರಲ್ಲ, ನೋಡಿಕೊಂಡೇನಿ." ತಾವೇ ನಕ್ಕರು. ಆಮೇಲೆ ಅಂಗಿ ಮಡಚುತ್ತ, ನನ್ನ ಕಡೆ ನೋಡದೆ ಕೇಳಿದರು: "ಕ್ಯಾಮೆರಾ ಮ್ಯಾಲೇ ಹೋಗಬೇಕೇನು? ನಾ ಇಲ್ಲೇ ಕೂತು ಪುಸ್ತಕ ತೋರಿಸಿದ್ರ ನಡೀತದಲ್ಲ?"

ಅಡುಗೆಮನೆಗೆ ಹೋದೆ. ವೈನಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು.

"ವೈನಿ, ಅಪ್ಪ ಮ್ಯಾಲೆ ಹತ್ತತಾರೇನು?"

"ಎಲ್ಲೀ ಹತ್ತೋದು? ಯುಗಾದಿಗೇ ಮೊಣಕಾಲು ಹಿಡಕೊಂಡಾವ. ಬಚ್ಚಲಿಗೆ ಹೋಗಬೇಕಂದ್ರ ಗ್ವಾಡಿ ಹಿಡೀತಾರ."

"ಮತ್ತ ದಿನಾ ಅಳಿಯೋದು?"

ವೈನಿ ಸೊಪ್ಪು ಬಿಟ್ಟು ನನ್ನನ್ನು ನೋಡಿದಳು. "ನಿನಗ ಗೊತ್ತಿಲ್ಲೇನು? ನೀ ಸಂಜೀಕೆ ಟಿವ್ಯಾಗ ಹೇಳಿದ್ದು ಒಂದು ಚೀಟ್ಯಾಗ ಬರಕೋತಾರ. ಮುಂಜಾನೆ ಎಂಟೂವರೀಗೆ ಚೀಟಿ ನೋಡಿ, ಒಂದಷ್ಟೊತ್ತು ಕಣ್ಣು ಮುಚ್ಚಿ ಕೂತು, ಪುಸ್ತಕದಾಗ ಹಾಕ್ತಾರ. ಅಪ್ಪಾ ಮಗಳು ಮಾತಾಡಿಕೊಂಡ ಮಾಡ್ಲಿಕತ್ತೀರಿ ಅಂತ ತಿಳಕೊಂಡಿದ್ದೆ ನಾ. ಟಿವಿ ಮಂದಿದ್ದು ಏನೋ ಪದ್ಧತಿ ಇರಬೇಕು ಅಂತ."

"ಒಂದ್ ಮಾತು ಹೇಳಿದ್ರ ನೀ ಹತ್ತಿ ಅಳೀತಿದ್ದಿಲ್ಲೇನು?"

"ನಾ ಅಳೀತೇನಿ ಅಂತ ಹೇಳಿದ್ದೆ. 'ಕೆಳಗಿನ ಅಂಚು ಓದಲಿಕ್ಕೆ ಬರ್ತದೇನು ನಿನಗ' ಅಂದ್ರು. ಸುಮ್ಮನಾದೆ."

ಮಾಳಿಗೆ ಹತ್ತಿದೆ. ಆಲಿಕೆಯಲ್ಲಿ ಬೇವಿನ ಎಲೆ ಕೊಳೆತು ಒಣಗಿ ತಳದ ತೂತು ಮುಚ್ಚುವಂತೆ ಅಂಟಿತ್ತು. ಅದನ್ನು ಎತ್ತಿ ಬಾಟಲಿ ಹೊರಗೆ ತೆಗೆದೆ. ತಳದಲ್ಲಿ ಒಣಗಿದ ಕಂದು ಕಲೆ. ಕುತ್ತಿಗೆಗೆ ಅಡ್ಡಲಾಗಿ ಜೇಡ ಬಲೆ ಕಟ್ಟಿತ್ತು. ಅಳತೆಯ ಗಾಜು ಅಲ್ಲಿ ಇರಲೇ ಇಲ್ಲ. ನಂತರ ಅದು ದೇವರಮನೆಯ ಕಪಾಟಿನಲ್ಲಿ, ಊದಿನಕಡ್ಡಿಯ ಪೊಟ್ಟಣದ ಹಿಂದೆ ಸಿಕ್ಕಿತು. ಬಹಳ ಹೊತ್ತು ಅಲ್ಲಿ ನಿಂತಿದ್ದೆನೆಂದು ನನ್ನ ನೆನಪು. ವೈನಿ ಹೇಳುವ ಪ್ರಕಾರ ಹೋದಷ್ಟೇ ಬೇಗ ಇಳಿದು ಬಂದೆನಂತೆ.

ಅಪ್ಪನಿಗೆ ಏನೂ ಹೇಳಲಿಲ್ಲ. "ಕಾರ್ಯಕ್ರಮಕ್ಕ ಬೇಕು" ಎಂದು ಪುಸ್ತಕದ ಹಾಳೆಗಳ ಫೋಟೋ ತೆಗೆದುಕೊಂಡೆ. ಅದು ಸುಳ್ಳು, ಆದರೆ ಪೂರ್ತಿ ಸುಳ್ಳಲ್ಲ ಎಂದು ಬಸ್ಸಿನಲ್ಲಿ ನನಗೇ ಹೇಳಿಕೊಂಡೆ.

ಕಚೇರಿಯಲ್ಲಿ ನನ್ನ ಹಳೆಯ ಬರಹಗಳ ಕಡತ ಇದೆ. ಊಟದ ಬಿಡುವಿನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನಾನು 'ಹಗುರ' ಅಂದ ಮರುದಿನ ಹಗುರದ ಗೆರೆಯೊಳಗಿನ ಒಂದು ಅಂಕಿ. 'ಸಾಧಾರಣ' ಅಂದ ಮರುದಿನ ಸಾಧಾರಣದ ಒಳಗಿನದು. ಗೆರೆಗಳು ಎಲ್ಲಿ ಎಲ್ಲಿ ಇವೆಯೆಂದು ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತು. ಸೊನ್ನೆಗಳನ್ನು ಬಿಟ್ಟರೆ ಎಲ್ಲಕ್ಕೂ ಪಾಯಿಂಟ್ ಇತ್ತು. ಎಲ್ಲೂ ಒಂದೇ ಅಂಕಿ ಎರಡು ಸಲ ಬಂದಿರಲಿಲ್ಲ. ಊರಿನಲ್ಲಿ ನನ್ನ ಮುನ್ಸೂಚನೆ ದಿನ ಬಿಟ್ಟು ದಿನ ಸುಳ್ಳಾಗುತ್ತಿದ್ದ ಆ ತಿಂಗಳುಗಳಲ್ಲಿ, ಆ ಪುಸ್ತಕದಲ್ಲಿ ಮಾತ್ರ ನಾನು ಒಂದು ದಿನವೂ ತಪ್ಪಿರಲಿಲ್ಲ.

ಇದಕ್ಕೆ ಕಾರಣ ಮೊಣಕಾಲು ಮಾತ್ರವೇ, ಅಥವಾ ಮಗಳ ಮಾತು ಸುಳ್ಳಾಗಬಾರದೆಂಬ ಆಸೆಯೂ ಸೇರಿತ್ತೇ? ಎರಡನೆಯದನ್ನು ನಂಬಲು ನನಗೆ ಇಷ್ಟ. ಇಷ್ಟವಾದದ್ದರಿಂದಲೇ ನಂಬಬಾರದು ಅನ್ನಿಸುತ್ತದೆ. ಅದಿರಲಿ, ನನ್ನ ಪಾಲು ಇದರಲ್ಲಿ ಸಣ್ಣದಲ್ಲ. ಹಿಂದಿನ ಸಂಜೆ ನಾನು ಹೇಳಿದ್ದನ್ನೇ ಮರುದಿನ ಸಂಜೆ 'ಅಳೆದದ್ದು' ಎಂದು ನಾನೇ ಹೇಳುತ್ತಿದ್ದೆ. ಯುಗಾದಿಯಿಂದ ಎಷ್ಟು ಸಲ ಆ ಮನೆಗೆ ಹೋಗಿ ಊಟ ಮಾಡಿ ಬಂದಿದ್ದೇನೆ. ಒಂದು ಸಲವೂ ಮಾಳಿಗೆ ಹತ್ತಿರಲಿಲ್ಲ. ಆ ಶಾಲೆಯ ಹುಡುಗಿಯರು ಬಣ್ಣದ ಪೆನ್ಸಿಲಿನಲ್ಲಿ ಬರೆದದ್ದು ಮಳೆಯ ಗ್ರಾಫ್ ಅಲ್ಲ, ನನ್ನ ಮಾತಿನ ಗ್ರಾಫ್.

ಶುಕ್ರವಾರ ಪ್ರೊಡ್ಯೂಸರ್‌ಗೆ ಎಲ್ಲ ಹೇಳಿದೆ. ಅವರು ಬಾಗಿಲು ಹಾಕಿಕೊಂಡು ಕುರ್ಚಿ ಹತ್ತಿರ ಎಳೆದರು.

"ಮೇಡಂ, ಯಾರಿಗೆ ಗೊತ್ತೈತಿ ಇದು?"

"ನಮ್ಮ ಮನ್ಯಾಗ ಗೊತ್ತು. ಈಗ ನಿಮಗ."

"ಹಂಗಾರ ಸೋಮವಾರದ್ದು ಮುಂದ ಹಾಕೂಣು. ಮಾಪಕ ಕೆಟ್ಟೈತಿ, ರಿಪೇರಿಗೆ ಹೋಗೈತಿ ಅಂದ್ರ ಮುಗೀತು. ವಯಸ್ಸಾದವರು. ಊರಿಗೆಲ್ಲಾ ಸಾರಿ ಏನು ಮಾಡ್ತೀರಿ?"

"ಮಾಪಕ ಕೆಟ್ಟಿಲ್ರಿ. ಅದೊಂದ ಛಲೋ ಅದ."

"ನಿಮ್ಮ ತಂದಿ ರೀ ಅವರು."

"ಅದಕ್ಕ ಹೇಳಲಿಕ್ಕೆ ಭಾರ ಆಗೇದ."

ಅವರು ಹೇಳಿದ್ದು ನಿರ್ದಯದ ಮಾತಲ್ಲ. ಮಧ್ಯಾಹ್ನವೆಲ್ಲ ಅವರ ವಾಕ್ಯವನ್ನೇ ಬರೆದು ನೋಡಿದೆ: 'ತಾಂತ್ರಿಕ ಕಾರಣದಿಂದ'. ಆ ಎರಡು ಪದಗಳನ್ನು ಬರೆದ ಕೂಡಲೇ ಒಂದು ಸಮಾಧಾನ ಆಯಿತು. ಆ ಸಮಾಧಾನ ನೋಡಿ ಹೆದರಿಕೆಯಾಯಿತು. ಅಪ್ಪನೂ ಚೀಟಿ ನೋಡಿ ಮೊದಲ ಅಂಕಿ ಬರೆದ ದಿನ ಹೀಗೇ ಹಗುರಾಗಿರಬೇಕು. ಖಾಲಿ ಮನೆ ತುಂಬಿತಲ್ಲ ಎಂದು. ಹಾಳೆ ಹರಿದು ಬೇರೆ ಬರೆದೆ. ಐದು ಸಲ ಬರೆದಿರಬೇಕು. ಪ್ರತಿ ಸಲವೂ ಅಪ್ಪನ ಹೆಸರು, ಅಪ್ಪನ ಮೊಣಕಾಲು, ಅಪ್ಪನ ವಯಸ್ಸು ಒಂದೊಂದಾಗಿ ಹೊರಗೆ ಹೋದವು.

ವರದಿಗೆ ಮುಂಚೆ ಅಪ್ಪನಿಗೆ ಫೋನು ಮಾಡಿದೆ. ಟಿವಿಯಿಂದ ತಿಳಿಯಬಾರದು ಎಂದು.

"ಅಪ್ಪಾ, ನಾ ಮ್ಯಾಲೆ ಹೋಗಿ ಬಾಟಲಿ ನೋಡಿದೆ."

ಆ ಕಡೆ ಟಿವಿಯ ಸದ್ದು ತಗ್ಗಿತು.

"ಇವತ್ತ ವರದ್ಯಾಗ ಆ ಅಂಕಿ ಹಿಂದ ತಗೋತೇನಿ. ನಿಮ್ಮ ಹೆಸರು ಹೇಳಂಗಿಲ್ಲ."

"ನಿನ್ನ ಕೆಲಸ ನೀ ಮಾಡು," ಎಂದರು. ಫೋನು ಇಟ್ಟರು.

ಬಳೆ ಬಿಚ್ಚಿಟ್ಟೆ. ಸೊಂಟಕ್ಕೆ ಮೈಕಿನ ಡಬ್ಬಿ ಸಿಕ್ಕಿಸಿದರು. ಹಲವೆಡೆ, ಸಾಧಾರಣ, ಸಾಧ್ಯತೆ ಎಂಬುದೆಲ್ಲ ಮುಗಿದ ಮೇಲೆ ಕೈ ಕೆಳಗಿಳಿಸಿ ನೇರ ನಿಂತು ಹೇಳಿದೆ: "ಮಾಳಿಗೆಯ ಮಳೆ ಎಂದು ಕಳೆದ ಕೆಲವು ತಿಂಗಳಿಂದ ನಾವು ಹೇಳಿದ ಅಂಕಿಗಳು ಅಳೆದವಲ್ಲ. ಅಳೆದಿದ್ದಾರೆಯೇ ಎಂದು ನಾನು ಹೋಗಿ ನೋಡಬೇಕಿತ್ತು, ನೋಡಲಿಲ್ಲ. ತಪ್ಪು ನನ್ನದು. ಅವುಗಳನ್ನು ಬರೆದಿಟ್ಟುಕೊಂಡವರು ದಯವಿಟ್ಟು ಅಳಿಸಿಬಿಡಿ." ಇಷ್ಟೇ ಎಂದು ನನ್ನ ನೆನಪು. ಆ ವರದಿಯ ರೆಕಾರ್ಡಿಂಗ್ ಕಚೇರಿಯಲ್ಲಿದೆ. ಇನ್ನೂ ನೋಡಿಲ್ಲ.

ಆಮೇಲೆ ವೈನಿ ಫೋನು ಮಾಡಿದಳು. "ಪೂರಾ ನೋಡಿದ್ರು. ಟಿವಿ ಬಂದ್ ಮಾಡಿ ಊಟಾ ಮಾಡಿದ್ರು. ಚೀಟಿ ಬರೀಲಿಲ್ಲ."

ಭಾನುವಾರ ಎಂಟು ಗಂಟೆಗೇ ಮಾಳಮಡ್ಡಿಯಲ್ಲಿದ್ದೆ. ಶನಿವಾರದಿಂದ ಧಾರವಾಡದ ಜಿಟಿಜಿಟಿ ಶುರುವಾಗಿತ್ತು. ಶನಿವಾರ ಮುಂಜಾನೆಯೇ ವೈನಿ ಹೇಳಿಸಿಕೊಳ್ಳದೆ ಆಲಿಕೆ ತೊಳೆದು, ಬಾಟಲಿ ತಿಕ್ಕಿ ಇಟ್ಟಿದ್ದಳು. ದೇವರಮನೆಯಿಂದ ಗಾಜು ತೆಗೆದುಕೊಂಡು ಮೇಲೆ ಹೋಗಿ ಅಳೆದೆ. ಎರಡು ಸಲ ಓದಿದೆ. ಕೆಳಗೆ ಬಂದು ಅಪ್ಪನ ಎದುರು ನಿಂತೆ.

"ಎರಡು ಪಾಯಿಂಟ್ ಆರು."

ಅಪ್ಪ ತಲೆ ಎತ್ತಲಿಲ್ಲ. ಪೆನ್ನು ಹುಡುಕಿದರು.

"ಕೆಳಗಿನ ಅಂಚಿಗೆ ಓದೀಯೇನು?"

"ಹೂಂ."

"ಗಾಜು ಕಣ್ಣಿನ ಮಟ್ಟಕ್ಕಿತ್ತೇನು?"

"ಇತ್ತಪ್ಪಾ."

ಬರೆದರು. ಶನಿವಾರದ ಮನೆ ಖಾಲಿ ಇತ್ತು. ಅವರ ಪುಸ್ತಕದಲ್ಲಿ ನಾನು ನೋಡಿದ ಮೊದಲ ಖಾಲಿ ಮನೆ. ಅದನ್ನು ನೋಡಿಯೇ ಕೇಳುವ ಧೈರ್ಯ ಬಂತೇನೋ.

"ಯುಗಾದಿಯಿಂದ ಅಲ್ಲಪ್ಪಾ, ಇದು?"

"ಯುಗಾದಿಯಿಂದ ದಿನಾ." ಪೆನ್ನಿನ ಮುಚ್ಚಳ ಹಾಕುತ್ತ, "ಅದಕ್ಕೂ ಮೊದಲ ಒಮ್ಮೊಮ್ಮೆ. ಜ್ವರ ಬಂದಾಗ. ಊರಿಗೆ ಹೋದಾಗ. ಖಾಲಿ ಬಿಟ್ರ ನೋಡಿದವರು ಏನಂತಾರ? ಮಾಸ್ತರ ಪುಸ್ತಕ ಅದು."

"ಯಾವ ಯಾವ ದಿನಾ ಅಂತ ನೆನಪದ ಏನು?"

"ನೆನಪಿದ್ರ ಪುಸ್ತಕ ಯಾಕ ಇಡ್ತಿದ್ದೆ?"

ಕಪಾಟಿನಿಂದ ಹಳೆಯ ಪುಸ್ತಕವೊಂದನ್ನು ತೆಗೆದೆ. ಹುಡುಕಬೇಕಿರಲಿಲ್ಲ, ಆ ಹಾಳೆ ತಾನಾಗಿ ತೆರೆದುಕೊಳ್ಳುತ್ತದೆ. ಅವ್ವ ತೀರಿಹೋದದ್ದು ಒಂದು ಜೂನಿನಲ್ಲಿ, ಬೆಳಕು ಹರಿಯುವ ಮೊದಲು, ಇದೇ ಪಡಸಾಲೆಯಲ್ಲಿ. ಎಂಟೂವರೆಯ ಹೊತ್ತಿಗೆ ಮನೆ ತುಂಬ ಜನ. ರಾತ್ರಿಯೆಲ್ಲ ಮಳೆ ಬಿದ್ದಿತ್ತು, ಬಂದವರ ಒದ್ದೆ ಹೆಜ್ಜೆಗಳು ಹೊಸ್ತಿಲ ತುಂಬ ಇದ್ದವು ಎಂದು ನಾನು. ಹನಿ ಬಿದ್ದಿರಲಿಲ್ಲ, ಅದು ಕಾಲು ತೊಳೆದ ನೀರು ಎಂದು ಅಣ್ಣ. ಈ ವಾದದಲ್ಲಿ ಪ್ರತಿ ವರ್ಷ ಗೆಲ್ಲುತ್ತಿದ್ದವಳು ನಾನೇ. ಈ ಹಾಳೆ ತೆರೆದು ಅವನ ಮುಂದೆ ಹಿಡಿಯುತ್ತಿದ್ದೆ. ಆ ತಾರೀಖಿಗೆ, ಅಪ್ಪನ ಕೈಬರಹದಲ್ಲಿ, ಆರು ಪಾಯಿಂಟ್ ಎರಡು. ಆ ವಾರ ನಾನು ರಜೆಯಲ್ಲಿದ್ದೆ, ಟಿವಿಯಲ್ಲಿ ಏನೂ ಹೇಳಿರಲಿಲ್ಲ. ಚೀಟಿಗೆ ಬರೆದುಕೊಳ್ಳಲು ನನ್ನ ಮಾತು ಇರಲಿಲ್ಲ. ಅಂದರೆ ಆ ಅಂಕಿ ಒಂದೋ ಅಳೆದದ್ದು, ಇಲ್ಲವೇ ಪೂರ್ತಿ ಕಟ್ಟಿದ್ದು.

ಹಾಳೆಯನ್ನು ಅವರ ಮುಂದಿಟ್ಟೆ. ಅಪ್ಪ ಕನ್ನಡಕ ತೆಗೆದು, ಧೋತರದ ಚುಂಗಿನಿಂದ ಒರೆಸಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತರು. ಅಂದಿನಿಂದ ಇಂದಿನ ತನಕ ವಾರಕ್ಕೆ ಮೂರು ಸಲ ನಾನು, ಉಳಿದ ದಿನ ವೈನಿ, ಮೇಲೆ ಹೋಗಿ ಅಳೆದು ಬರುತ್ತೇವೆ. ಅಪ್ಪ ಬರೆಯುತ್ತಾರೆ, ಕೆಳ ಅಂಚಿನ ಬಗ್ಗೆ ಕೇಳುತ್ತಾರೆ, ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಎನ್ನುತ್ತಾರೆ. ಆ ಬೆಳಿಗ್ಗೆ ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಬಂದಿಲ್ಲ. ಹೌದೆಂದರೂ ಅಲ್ಲವೆಂದರೂ ತಡೆದುಕೊಳ್ಳುತ್ತೇನೆಯೇ ಎಂದು ಯೋಚಿಸದೆ ಕೇಳಿಬಿಟ್ಟಿದ್ದೆ:

"ಅವ್ವ ಇಲ್ಲೇ ಮಲಗಿದ್ಲು. ಅವತ್ತ ಎಂಟೂವರೀಗೆ ನೀವು ಮಾಳಿಗಿ ಹತ್ತಿದ್ರೇನಪ್ಪಾ?"